ಮುಚ್ಚಿದರೂ ಓಡುತ್ತಿದ್ದ ಲ್ಯಾಪ್‌ಟಾಪ್

"ಯಾರ್ ಮುಚ್ಚಿದ್ದು ಇದನ್ನ?!"

ಪ್ರಯೋಗಾಲಯವೇ ಬೆಚ್ಚಿಬಿತ್ತು. ಕೂಗಿದವಳು ಸೇತುವೆಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಮೂರು ದಿನದಿಂದ ಒಂದೇ ಸಮನೆ ಲೆಕ್ಕ ಹಾಕುತ್ತಿದ್ದ ಅವಳ ಲ್ಯಾಪ್‌ಟಾಪ್ ಈಗ ತಣ್ಣಗೆ ಮುಚ್ಚಿಕೊಂಡಿತ್ತು!

"ನಾನೇ..." ಹೊಸ ಎಲೆಕ್ಟ್ರಿಷಿಯನ್ ಏಣಿ ಇಳಿದು ಬಂದ. "ನಿನ್ನೆ ಮುಟ್ಟಿದ್ರೆ ಕಾದ ಹೆಂಚು! ಪಾಪ ಅನ್ನಿಸ್ತು. ಪ್ಲಗ್ ತೆಗೆದು ಮುಚ್ಚಿಟ್ಟೆ."

"ಪಾಪಾನಾ? ಬ್ಯಾಟರಿ ಸತ್ತು ಎಲ್ಲಾ ಹೋಯ್ತಲ್ರೀ! ಇದು ಐದು ದಿನ ನಿಲ್ಲದೆ ಓಡ್ಬೇಕು. ಇವತ್ತಿಂದ ಆರನೇ ದಿನ ಪ್ರಬಂಧ ಕೊಡ್ಬೇಕು. ತಪ್ಪಿದ್ರೆ ನನ್ನ ನಾಲ್ಕು ವರ್ಷ ನೀರಲ್ಲಿ ಹೋಮ!"

ಅವನ ಮುಖ ಬಾಡಿತು. ಅಯ್ಯೋ, ಇಷ್ಟು ಬೈಬಾರದಿತ್ತು... ಅಂದುಕೊಂಡಳು. ಆದರೆ ಬಾಯಿಬಿಟ್ಟು ಹೇಳುವಳೇ? ಬಿಗುಮಾನ!

ಲೆಕ್ಕ ಮೊದಲಿನಿಂದ ಶುರುವಾಯಿತು.

ಅವನು ಲ್ಯಾಪ್‌ಟಾಪಿಗೆ ಗಾಳಿಯಾಡಲೆಂದು ಕೆಳಗೆ ನಾಲ್ಕು ಬಾಟಲಿ ಮುಚ್ಚಳ ಇಟ್ಟ. ತನ್ನ ಕೋಣೆಯ ಪುಟ್ಟ ಫ್ಯಾನನ್ನೂ ತಂದಿಟ್ಟ. ದಿನಕ್ಕೆರಡು ಸಲ ಇಣುಕಿ, "ಮಗು ಹೇಗಿದೆ?" ಅನ್ನುತ್ತಿದ್ದ. ಅವಳು ನಗು ಬಚ್ಚಿಟ್ಟುಕೊಂಡು "ಓಡ್ತಿದೆ" ಅನ್ನುತ್ತಿದ್ದಳು. ಅವನು ಬರುವುದು ಐದು ನಿಮಿಷ ತಡವಾದರೂ ಕಣ್ಣು ಬಾಗಿಲ ಕಡೆಗೇ!

ನಾಲ್ಕನೇ ದಿನ ಊಟ ಮುಗಿಸಿ ಬಂದರೆ... ಲ್ಯಾಪ್‌ಟಾಪ್ ಮತ್ತೆ ಮುಚ್ಚಿದೆ!

"ನಂಬಿದ್ನಲ್ರೀ ನಿಮ್ಮನ್ನ!" ಎಲ್ಲರೆದುರೇ ಸಿಡಿದಳು. ಕಣ್ಣಲ್ಲಿ ನೀರು.

"ಒಂದ್ಸಲ ತೆರೆದು..."

"ಮಾತಾಡ್ಬೇಡಿ!"

ಅವನು ತಲೆತಗ್ಗಿಸಿ ಹೊರಟೇಹೋದ.

"ಮೇಲ್ಗಡೆ ನೋಡಮ್ಮಾ," ಎಂದರು ಅವಳ ಮಾರ್ಗದರ್ಶಕರು. ಚಾವಣಿಯ ಗಾರೆ ಉದುರಿ ಮೇಜೆಲ್ಲ ಬೆಳ್ಳಗಾಗಿತ್ತು. "ಕೀಲಿಮಣೆಗೆ ಗಾರೆ ಬೀಳುತ್ತೆ ಅಂತ ಓಡಿಬಂದು ನನ್ನ ಕೇಳಿದ. ಮುಚ್ಚಿದ್ರೂ ನಿದ್ದೆಗೆ ಹೋಗದ ಹಾಗೆ ಸೆಟ್ಟಿಂಗ್ ಬದಲಾಯಿಸಿದ್ದು ನಾನು. ಆಮೇಲೇ ಅವನು ಮುಚ್ಚಿದ್ದು."

ತಟ್ಟನೆ ಲ್ಯಾಪ್‌ಟಾಪ್ ತೆರೆದಳು. ಶೇಕಡಾ ಅರವತ್ತೈದು... ಲೆಕ್ಕ ಓಡುತ್ತಲೇ ಇತ್ತು!

ಮೆಟ್ಟಿಲು ಹಾರುತ್ತಾ ಇಳಿದಳು. ಅವನು ಸ್ವಿಚ್ಚುಗಳ ಕೋಣೆಯಲ್ಲಿ ಕೂತಿದ್ದ.

"ತಪ್ಪಾಯ್ತು... ಎರಡು ಸಲಾನೂ ಬೈದೆ."

"ಮೊದಲನೇದು ಸರಿಯಾಗೇ ಇತ್ತು ಬಿಡಿ."

"ಯಾಕ್ರೀ ಇಷ್ಟೆಲ್ಲಾ ಮಾಡಿದ್ರಿ?"

ಅವನು ಕಿವಿಯವರೆಗೂ ಕೆಂಪಾದ. "ಬಂದ ತಕ್ಷಣ ನೀವು ಮೊದಲು ಅದರ ಮುಖ ನೋಡ್ತೀರಿ. ನಿಜ ಹೇಳ್ಲಾ? ಅದನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು. ಆದ್ರೆ ಅದು ನಿಂತ್ರೆ ನೀವು ಅಳ್ತೀರಲ್ಲ..."



ಆರನೇ ದಿನ ಪ್ರಬಂಧ ಒಪ್ಪಿಸಿ ಬಂದವಳು ಅವನನ್ನು ಕರೆದು, ಅವನೆದುರೇ ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿದಳು.

"ನಾಳೆ ಬಂದು ಯಾರ ಮುಖ ನೋಡ್ತೀರಿ?" ಮೆಲ್ಲಗೆ ಕೇಳಿದ.

"ಹತ್ತು ಗಂಟೆಗೆ ಬಾಗಿಲಲ್ಲಿ ನಿಂತಿರಿ. ಹೇಳ್ತೀನಿ."

"ಒಂಬತ್ತಕ್ಕೇ ನಿಂತಿರ್ತೀನಿ!"