ಸಿಂಪಿಗನ ದನಿ

ನಂದಾ ಮೂರು ಸಲ ಕೂಗಿದಳು. "ಕಡೀಬ್ಯಾಡ್ರಿ, ಅದರಾಗ ಗೂಡೈತಿ."

ಗೋಡೆಯಾಚೆ ಏಣಿಯ ಮೇಲಿದ್ದ ಮಲ್ಲಿನಾಥ ತಿರುಗಿ ನೋಡಲಿಲ್ಲ. ತನ್ನ ಪವರ್‌ಲೂಮ್ ಶೆಡ್ಡಿನ ತಗಡಿಗೆ ಉಜ್ಜುತ್ತಿದ್ದ ಪೇರಲ ಟೊಂಗೆಯನ್ನು ಕಡಿದೇಬಿಟ್ಟ. ಸಿಂಪಿಗ ಹಕ್ಕಿ ಎರಡು ಎಲೆ ಸೇರಿಸಿ ಹೊಲಿದಿದ್ದ ಗೂಡು ಟೊಂಗೆಯ ಸಮೇತ ಅವಳ ಹಿತ್ತಲಿಗೆ ಬಿತ್ತು. ಮೂರು ಮೊಟ್ಟೆಯೂ ಒಡೆದವು.

ಅವನು ಇಳಿದು ಬಂದು ನೋಡಿದ. ಮುಖ ಬಾಡಿತು. "ತಪ್ಪಾತ್ರಿ" ಅಂದ. ಅಷ್ಟೇ.

ರಬಕವಿಯಿಂದ ಬನಹಟ್ಟಿಗೆ ಬಂದು ಅವನು ಶೆಡ್ಡು ಬಾಡಿಗೆ ಹಿಡಿದು ಎರಡು ತಿಂಗಳಾಗಿತ್ತು. ಮಾತಾಡುವಾಗ ಕಣ್ಣು ನೋಡದೆ ತುಟಿಯನ್ನೇ ನೋಡುವ ಗಂಡಸು. ಮೊದಲೇ ಅವಳಿಗೆ ಅಷ್ಟಕ್ಕಷ್ಟೇ. ಈಗ ಎಂಟು ದಿನ ಮಾತೇ ಬಿಟ್ಟಳು.

ಒಂಬತ್ತನೇ ದಿನ ಬೆಳಿಗ್ಗೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನಂದಾ ಹಿತ್ತಲಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಲ್ಲಿನಾಥ ಆಚೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಅವನ ತಲೆಯಿಂದ ಎರಡು ಮೊಳ ಮೇಲೆ ಸಿಂಪಿಗ ಕೂತು ಟುವಿ, ಟುವಿ ಎಂದು ಗಂಟಲು ಹರಿಯುವಂತೆ ಕೂಗತೊಡಗಿತು. ಅವನು ತಲೆ ಎತ್ತಲಿಲ್ಲ.

ನಂದಾಳ ಕೈ ನಿಂತಿತು. ಎದ್ದು ಗೋಡೆಯ ಹತ್ತಿರ ಹೋದಳು.

"ಆವತ್ತ ನಾ ಕೂಗಿದ್ದು ನಿಮಗ ಕೇಳಸಲಿಲ್ಲ, ಹೌದಿಲ್ಲೋ?"

ಅವನು ಅವಳ ತುಟಿ ನೋಡಿದ. "ಹದಿನೆಂಟ ವರ್ಷ ಮಗ್ಗದ ಸಪ್ಪಳದಾಗ ದುಡದೇನ್ರಿ. ಸಣ್ಣ ದನಿ ಎಲ್ಲಾ ಹೋಗ್ಯಾವ."

"ಮತ್ತ್ಯಾಕ ಹೇಳಲಿಲ್ಲ?"

"ಗೂಡು ಕೆಡವಿದ್ದು ನಾನ. ತಪ್ಪ ಕಿವಿ ಮ್ಯಾಲ ಯಾಕ ಹಾಕಲಿ?"

ಅವಳು ಅವನ ತಲೆಯ ಮೇಲೆ ಕೂಗುತ್ತಿದ್ದ ಸಿಂಪಿಗನತ್ತ ಬೆರಳು ತೋರಿಸಿದಳು.

ಅಲ್ಲಿಂದ ಮಗ್ಗ ಶುರುವಾಗುವ ಮೊದಲಿನ ಅರ್ಧ ತಾಸು ಇಬ್ಬರದೂ ಆಯಿತು. ಅವನ ಕಣ್ಣು ಬಲು ಚುರುಕು. ಕಟ್ಟಿಗೆ ರಾಶಿಯ ಹಿಂದೆ ಮರಿಗಳನ್ನು ಸಾಲಾಗಿ ಕರೆದೊಯ್ಯುವ ಮುಂಗುಸಿ, ದಾಸವಾಳದಲ್ಲಿ ಕೊಕ್ಕಿಟ್ಟ ಸೂರಕ್ಕಿ, ಎಲ್ಲ ಅವನಿಗೇ ಮೊದಲು ಕಾಣುತ್ತಿದ್ದವು. ಯಾವುದು ಹೇಗೆ ಕೂಗಿತು ಎಂದು ಅವಳು ಹೇಳುತ್ತಿದ್ದಳು. ಒಮ್ಮೊಮ್ಮೆ ಬೇಕೆಂದೇ ಮುಖ ತಿರುಗಿಸಿ ಹೇಳುತ್ತಿದ್ದಳು.

"ಈ ಕಡೆ ತಿರಗ್ರಿ," ಅನ್ನುತ್ತಿದ್ದ ಅವನು.

ತಿರುಗಿದರೆ ಆ ನೋಟ. ಈಗ ಸಿಟ್ಟಿನ ಬದಲು ಅವಳ ಕೆನ್ನೆ ಬಿಸಿಯಾಗುತ್ತಿತ್ತು.

ಮುಧೋಳದಿಂದ ಒಂದು ಸಂಬಂಧ ಬಂದಿದೆ ಎಂದು ಅವ್ವ ಅನಸವ್ವ ಹೇಳಿದ ಮರುದಿನ ನಂದಾ ಅದನ್ನು ಮಲ್ಲಿನಾಥನ ಮುಂದೆ ಹೇಳಿದಳು. ಅವನ ಕೈಯ ಚಹಾ ಆರಿತು.

"ಛಲೋ ಮನಿತನ ಇರಬೇಕು," ಅಂದ.

"ನಿಮಗೇನೂ ಅನಸೂದಿಲ್ಲ?"

"ಅನಸ್ತೈತ್ರಿ. ಆದ್ರ ಡಾಕ್ಟರ್ ಹೇಳ್ಯಾರ. ಇನ್ನೊಂದಿಷ್ಟ ವರ್ಷಕ್ಕ ನಿಮ್ಮ ದನೀನೂ ನನಗ ಕೇಳಸೂದಿಲ್ಲ."

ಸಣ್ಣ ಮಾತಲ್ಲ ಅದು. ಕತ್ತಲಲ್ಲಿ ಕರೆದರೆ ಓಗೊಡದ ಮನುಷ್ಯ, ಒಂದನ್ನೇ ನಾಲ್ಕು ಸಲ ಹೇಳುವ ದಿನಗಳು. ನಂದಾ ಎಲ್ಲ ಯೋಚಿಸಿದಳು. ಆಮೇಲೆ ಮುಖ ಎತ್ತಿದಳು.

"ಈಗ ಕೇಳಸತೈತಲ್ಲ, ಕೇಳ್ರಿ. ಮುಧೋಳದವರಿಗೆ ಬ್ಯಾಡಂತೀನಿ. ನೀವು ನಿಮ್ಮ ಅಕ್ಕನ್ನ ಕರಕೊಂಡು ಹೆಣ್ಣ ಕೇಳಾಕ ಬರ್ರಿ."

ಭಾನುವಾರ ಅವನು ಅಕ್ಕನೊಂದಿಗೆ ಬಂದು ಪಡಸಾಲೆಯಲ್ಲಿ ಕೂತ. ಅನಸವ್ವ ತಲೆ ತಗ್ಗಿಸಿ ಮೆಲ್ಲಗೆ ಏನೋ ಕೇಳಿದಳು. ಅವನಿಗೆ ತಿಳಿಯಲಿಲ್ಲ. ನಂದಾಳತ್ತ ನೋಡಿದ.

ಎಲ್ಲರೆದುರು, ನಾಚದೆ, ಒಂದೊಂದೇ ಮಾತು ಬಿಡಿಸಿ ಅವಳು ಹೇಳಿದಳು: "ನಮ್ಮ ಹುಡಗಿ ನಿಮಗ ಒಪ್ಪಿಗಿ ಏನು ಅಂತ ಅವ್ವ ಕೇಳಾಕತ್ತಾಳ."

ಅವನು ಅವಳ ತುಟಿಯಿಂದ ಕಣ್ಣಿಗೆ ನೋಟ ಎತ್ತಿದ.

"ಇನ್ನೊಮ್ಮೆ ಹೇಳ್ರಿ," ಅಂದ.