ನೆರಳು ಬೀಳದ ಕಲ್ಲು

ಮಾರ್ಚ್ ತಿಂಗಳ ಮೊದಲ ವಾರ. ಲಿಮೂಸಾಂ ಗುಡ್ಡಗಳಲ್ಲಿ ಕುರಿಗಳು ಈಯುವ ಕಾಲ. ಅಂಥ ದಿನಗಳಲ್ಲಿ ಕೊಟ್ಟಿಗೆ ಬಿಟ್ಟು ಠಾಣೆಗೆ ಬರುವವನಿಗೆ ದೊಡ್ಡ ಕಾರಣವೇ ಇರಬೇಕು. ಮುದುಕ ಆನ್ಸೆಲ್ಮ್ ಲಶೋ ಒಳಗೆ ಬಂದು, ಹಾಲಿನ ಕ್ಯಾನೊಂದನ್ನು ನನ್ನ ಮೇಜಿನ ಮೇಲಿಟ್ಟ. ಮುಚ್ಚಳ ತೆಗೆದರೆ ಸೂಪು.

"ಇದ್ರಲ್ಲಿ ವಿಷ ಇದೆ, ದಫೇದಾರ್ರೇ."

"ಯಾರು ಹಾಕಿದ್ದು?"

"ನನ್ನ ಸೊಸೆ. ಹೋದ ವರ್ಷ ದ್ರಾಕ್ಷಿ ಕುಯ್ಲಿನ ಹೊತ್ತಿಗೆ ನನ್ನ ಹೆಂಡ್ತೀನ ನುಂಗಿದ್ಲು. ಈಗ ಮಗ ಹಳದಿ ತಿರುಗ್ತಿದ್ದಾನೆ. ಬಂದು ಕಣ್ಣು ನೋಡಿ — ಬೆಣ್ಣೆ ಹಾಗಾಗಿದೆ."

ಅವನ ಹೆಂಡತಿ ಓಡೆಟ್ ಸತ್ತದ್ದು ಕಾಮಾಲೆ ಹತ್ತಿ, ಚಳಿಜ್ವರ ಬಂದು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕೀವಾಗಿದೆ ಎಂದು ನಗರದ ಆಸ್ಪತ್ರೆಯವರು ಹೇಳಿದ್ದರು. ಊರು ನಂಬಿತ್ತು. ಈಗ ಮನೆಯಲ್ಲಿ ಎರಡನೆಯವನೂ ಹಳದಿ ಎಂದರೆ?

"ಅದೇ ಸೂಪು ನೀವೂ ಕುಡೀತೀರಲ್ಲ, ನಿಮಗ್ಯಾಕೆ ಏನೂ ಆಗಿಲ್ಲ?"

"ಓಡೆಟ್ ಹೋದ್ಮೇಲೆ ಸೊಸೆ ಕೈದು ಒಂದು ತೊಟ್ಟೂ ಮುಟ್ಟಿಲ್ಲ. ಬ್ರೆಡ್ಡು, ಗಿಣ್ಣು, ಅಷ್ಟೇ."

ನಮ್ಮ ಕಡೆ ಮುದುಕರು ಸೂಪಿನ ತಳ ಕಂಡಾಗ ತಟ್ಟೆಗೆ ಒಂದಿಷ್ಟು ಕೆಂಪು ವೈನು ಸುರಿದು, ಎರಡೂ ಕೈಯಲ್ಲಿ ತಟ್ಟೆ ಎತ್ತಿ ಕುಡಿಯುತ್ತಾರೆ. ಅದಿಲ್ಲದೆ ಊಟ ಮುಗಿದಂತಲ್ಲ. ಈತ ಅದನ್ನೂ ಬಿಟ್ಟಿದ್ದ ಎಂದು ಕೇಳಿದ ಮೇಲೆ ನಾನು ಟೋಪಿ ಎತ್ತಿಕೊಂಡೆ.

ಸೂಪನ್ನು ಪರೀಕ್ಷೆಗೆ ಕಳಿಸಿ, ಮಗ ತಿಯೆರಿಯನ್ನೂ ಸೊಸೆ ನೊಯೆಮಿಯನ್ನೂ ಜೀಪಿನಲ್ಲಿ ಕೂರಿಸಿಕೊಂಡು ಪೇಟೆಯ ಡಾಕ್ಟರ್ ಪೆರಾ ಅವರ ಬಳಿಗೆ ಹೋದೆ. ಆಕೆ ಅಳೆದು ತೂಗಿ ಮಾತಾಡುವ ಹೆಂಗಸು. ತಿಯೆರಿಯನ್ನು ಮಲಗಿಸಿ, ಬಲ ಪಕ್ಕೆಯ ಕೆಳಗೆ ತಣ್ಣನೆಯ ಲೋಳೆ ಸವರಿ, ಸ್ಕ್ಯಾನ್ ಯಂತ್ರದ ಹಿಡಿಯನ್ನು ಒತ್ತಿದರು.

"ಬೆಳಿಗ್ಗೆ ಏನಾದ್ರೂ ತಿಂದ್ಯಾ?"

"ಇಲ್ಲ ಡಾಕ್ಟ್ರಮ್ಮ. ಕುರಿ ಮೇವು ಕಂಡ್ರೂ ವಾಕರಿಕೆ."

"ಒಳ್ಳೇದೇ ಆಯ್ತು. ಹಸಿದಾಗ ಪಿತ್ತಕೋಶ ತುಂಬಿರತ್ತೆ. ಉಂಡ್ರೆ ಹಿಂಡಿಕೊಂಡು ಮುದುಡಿ ಹೋಗತ್ತೆ, ಏನೂ ಕಾಣಲ್ಲ."

ಬೂದು ಪರದೆಯ ಮೇಲೆ ಈಲಿಯ, ಅಂದರೆ ಯಕೃತ್ತಿನ, ಅಡಿಯಲ್ಲಿ ಕರಿಯ ಪೇರುಹಣ್ಣಿನಂಥದ್ದು ಕಂಡಿತು. ಅದೇ ಪಿತ್ತಕೋಶ. ಪಕ್ಕದಲ್ಲಿ ಪಿತ್ತನಾಳ. ಹುಲ್ಲುಕಡ್ಡಿಯಷ್ಟಿರಬೇಕಾದದ್ದು ಹೆಬ್ಬೆರಳಿನಷ್ಟು ಉಬ್ಬಿತ್ತು. ಅದರೊಳಗೆ ಬೆಳ್ಳಗೆ ಏನೋ ಒಂದು.

"ಕಲ್ಲಾ?" ಎಂದೆ.

ಅವರು ಪರದೆಯಿಂದ ಕಣ್ಣು ತೆಗೆಯದೆ, "ಉಸಿರು ಹಿಡಿ," ಎಂದರು. ತಿಯೆರಿ ಹಿಡಿದ. ದೇಹ ಅಲುಗಲಿಲ್ಲ. ಡಾಕ್ಟರ ಕೈ ಅಲುಗಲಿಲ್ಲ.

ಬೆಳ್ಳಗಿದ್ದದ್ದು ಮೆಲ್ಲಗೆ ಮಗ್ಗುಲು ತಿರುಗಿತು.

"ದಫೇದಾರ್ರೇ, ಕಲ್ಲಿದ್ರೆ ಅದರ ಹಿಂದೆ ಕಪ್ಪು ನೆರಳು ಬೀಳಬೇಕು. ಈ ಯಂತ್ರ ಬಿಡೋ ಶಬ್ದ ಕಲ್ಲನ್ನ ದಾಟಲ್ಲ. ಇದಕ್ಕೆ ನೆರಳೆಲ್ಲಿ?"

"ಇಲ್ಲ."

"ಮನುಷ್ಯ ಹೊರಳದೆ ಕಲ್ಲು ಹೊರಳತ್ತಾ?"

ನೊಯೆಮಿ ಗಂಡನ ಪಾದ ಹಿಡಿದುಕೊಂಡು ಪರದೆಯನ್ನೇ ನೋಡುತ್ತಿದ್ದಳು. ಕಡಲ ಕಡೆಯ ಬೆಸ್ತರ ಮಗಳು. ನಮ್ಮ ಗುಡ್ಡಕ್ಕೆ ಮದುವೆಯಾಗಿ ಬಂದವಳು. "ಇದನ್ನ ನಾನು ಹಾಕಿದ್ದು ಅಂತಾರಾ?" ಎಂದಳು, ಯಾರಿಗೂ ಅಲ್ಲದಂತೆ.

ಮರುದಿನ ಸೂಪಿನ ವರದಿ ಬಂತು: ಆಲೂಗಡ್ಡೆ, ಈರುಳ್ಳಿ, ಹಂದಿಯ ಕೊಬ್ಬು. ಬೇರೇನೂ ಇಲ್ಲ. ಮಧ್ಯಾಹ್ನ ಡಾಕ್ಟರ್ ಪೆರಾ ತಾವೇ ನನ್ನೊಡನೆ ಲಶೋ ಮನೆಗೆ ಬಂದರು. ಅಡಿಗೆಮನೆಯ ಒಲೆಯ ಪಕ್ಕ, ಹುಟ್ಟಿ ಇನ್ನೂ ಒದ್ದೆಯಾಗಿದ್ದ ಎರಡು ಮರಿಗಳು ಪೆಟ್ಟಿಗೆಯಲ್ಲಿದ್ದವು. ಆನ್ಸೆಲ್ಮ್ ಬಾಗಿಲಲ್ಲೇ ನಿಂತ, ಕೈಯಲ್ಲಿ ಬುಟ್ಟಿ.

"ಓಡೆಟಮ್ಮನ ಸ್ಕ್ಯಾನ್ ಚಿತ್ರ ಇದೆಯಾ, ಯಜಮಾನ್ರೇ?"

ಬೀರುವಿನ ಹಿಂದಿನಿಂದ ತಂದುಕೊಟ್ಟ. ಡಾಕ್ಟರು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿ, ಮಡಿಚಿಟ್ಟರು. ಆಮೇಲೆ ನೊಯೆಮಿಯ ಎದುರು ಕೂತರು.

"ಇಲ್ಲಿ ಅಡಿಗೆ ಯಾರದು?"

"ನಂದೇ."

"ನೀನು ಮಾಡಿದ್ದನ್ನ ನೀನೂ ತಿಂತೀಯಾ?"

"ಮತ್ತಿನ್ನೇನು, ಹೋಟ್ಲಿಗೆ ಹೋಗ್ತೀನಾ?"

"ಎಲ್ಲರೂ ಇಷ್ಟು ದಿನ ಕೇಳಿದ್ದು ನೀನು ಅವರಿಗೆ ಏನು ಕೊಟ್ಟೆ ಅಂತ. ನಾನು ಬೇರೆ ಕೇಳ್ತೀನಿ. ಅತ್ತೆ, ಗಂಡ ಇಬ್ರೂ ತಿಂದು, ನೀನು ತಿನ್ನದೇ ಇರೋದು ಏನಾದ್ರೂ ಇದೆಯಾ?"

ಅವಳು ಯೋಚಿಸಿದಳು. "ಒರತೆ ಸೊಪ್ಪು. ಚಳಿಗಾಲದಲ್ಲಿ ನೀರಲ್ಲೇ ಬೆಳೆಯತ್ತಲ್ಲ, ಖಾರಖಾರದ್ದು. ಹಸೀದೇ ತಿಂತಾರೆ."

"ನಿಂಗೆ ಸೇರಲ್ವಾ?"

"ಗೊತ್ತಿಲ್ಲ." ಅವಳು ಮೇಜು ಒರೆಸತೊಡಗಿದಳು, ಒರೆಸುವಂಥದ್ದೇನೂ ಇರಲಿಲ್ಲ. "ಆ ಬಟ್ಟಲು ನನ್ನ ಕಡೆ ಯಾವತ್ತೂ ಬರ್ಲಿಲ್ಲ. ಅತ್ತೆ ತಾವು ತಿಂದು ಮಗನ ಕಡೆ ತಳ್ಳೋರು. ನಾನೂ ಕೇಳಲಿಲ್ಲ."

"ತರೋರು ಯಾರು?"

ಬಟ್ಟೆ ನಿಂತಿತು. ಅವಳ ಮುಖ ನೋಡಿದರೆ ಅವಳಿಗೆ ಆಗಲೇ ತಿಳಿದುಹೋಗಿತ್ತು. "ಬೇಡ, ಡಾಕ್ಟ್ರಮ್ಮ," ಎಂದಳು. "ತಪ್ಪು ನನ್ನ ಹೆಸರಲ್ಲೇ ಇರ್ಲಿ ಬಿಡಿ. ಮಾವ ವಯಸ್ಸಾದೋರು."

"ಇವತ್ತೂ ತಿಂದ್ರೆ ನಿನ್ನ ಗಂಡ ಉಳಿಯಲ್ಲ ಕಣೇ."

ಬಾಗಿಲಲ್ಲಿದ್ದ ಬುಟ್ಟಿಯನ್ನು ನಾನು ಆಗ ನೋಡಿದೆ. ಎಳೆಯ ಹಸಿರು, ನೀರು ತೊಟ್ಟಿಕ್ಕುತ್ತಿತ್ತು.

"ರಕ್ತ ಶುದ್ಧಿಗೆ," ಎಂದ ಆನ್ಸೆಲ್ಮ್. "ಕಾಮಾಲೆಗೆ ಇದಕ್ಕಿಂತ ಮದ್ದಿಲ್ಲ. ದಿನಾ ಕೊಡ್ತಿದೀನಿ."

"ನೀವು ತಿನ್ನಲ್ವಾ?"

"ಹಲ್ಲೆಲ್ಲಿದೆ? ಹಸಿ ಸೊಪ್ಪು ಮೊಲಕ್ಕೆ." ಸ್ವಲ್ಪ ತಡೆದು, "ವರ್ಷದ ಮೊದಲ ಸೊಪ್ಪು ಹೆಂಡ್ತಿಗೆ ಗಂಡನೇ ಕಿತ್ತು ತರಬೇಕು. ಮದುವೆ ಆದಾಗಿಂದ ತಪ್ಪಿಸಿಲ್ಲ."

"ಕುರಿ ಮೇಯೋ ಕಡೆ ಕೀಳಬಾರ್ದು ಅಂತ ಗೊತ್ತಲ್ಲ?"

"ನಂಗೆ ಪಾಠ ಹೇಳ್ತೀರಾ? ಕುರಿಯ ಈಲಿಗೆ ಎಲೆಹುಳು ಬೀಳತ್ತೆ, ಎಲೆಯಂಥ ಚಪ್ಪಟೆ ಜಂತು, ಎಷ್ಟು ಈಲಿ ಸೀಳಿ ನೋಡಿಲ್ಲ! ನಮ್ಮ ಕುರಿ ಕೆಳಗಿನ ಇಳಿಜಾರು ಬಿಟ್ಟು ಮೇಲೆ ಹತ್ತಲ್ಲ. ಒರತೆಯ ಮೇಲಿನ ಹುಲ್ಲಿಗೆ ನಮ್ಮಪ್ಪನ ಕಾಲದಿಂದ ಒಂದು ಗೊರಸೂ—"

ಮಾತು ಅಲ್ಲೇ ತುಂಡಾಯಿತು.

"ಮೇಲೆ ಯಾರ ಕುರಿ ಇವೆ, ಯಜಮಾನ್ರೇ? ಬರ್ತಾ ದಾರೀಲಿ ನೋಡಿದೆ."

ಉತ್ತರ ನನಗೂ ಗೊತ್ತಿತ್ತು. ಮುದುಕ ಕಾಲು ಮುರಿದುಕೊಂಡ ಬೇಸಿಗೆಯಲ್ಲಿ ನೆರೆಯ ಬೆರ್ತೂ ಇವನ ಹುಲ್ಲನ್ನೆಲ್ಲ ಕೊಯ್ದು ಅಟ್ಟಕ್ಕೇರಿಸಿದ್ದ. ಕಾಸು ಮುಟ್ಟಲಿಲ್ಲ. ಋಣ ಇಟ್ಟುಕೊಳ್ಳುವ ಜಾತಿಯಲ್ಲ ಆನ್ಸೆಲ್ಮ್. ಅಂದಿನಿಂದ ಪ್ರತಿ ಚಳಿಗಾಲ ಮೇಲಿನ ಹುಲ್ಲುಗಾವಲನ್ನು ಬೆರ್ತೂವಿನ ಕುರಿಗಳಿಗೆ ಬಿಟ್ಟುಕೊಟ್ಟಿದ್ದ.

"ಹಿಕ್ಕೆಯಿಂದ ನೀರಿಗೆ, ನೀರಿನ ಬಸವನಹುಳುವಿಗೆ, ಅಲ್ಲಿಂದ ಸೊಪ್ಪಿಗೆ," ಎಂದರು ಡಾಕ್ಟರು, ತಗ್ಗಿದ ದನಿಯಲ್ಲಿ. "ಸೊಪ್ಪಿಂದ ಮನುಷ್ಯನ ಈಲಿಗೆ, ಪಿತ್ತನಾಳಕ್ಕೆ. ನೀವು ಸೀಳಿ ನೋಡಿದ ಎಲೆಹುಳುವೇ. ಆ ಬಟ್ಟಲು ಸಿಗದೇ ಇದ್ದದ್ದಕ್ಕೆ ಈ ಹುಡುಗಿ ಉಳಿದಳು."

"ಓಡೆಟ್‌ಗೂ..."

ಡಾಕ್ಟರು ಮಡಿಚಿದ ಚಿತ್ರದ ಮೇಲೆ ಕೈಯಿಟ್ಟರು. "ಇದರಲ್ಲೂ ನೆರಳಿಲ್ಲ. ಆಸ್ಪತ್ರೇಲಿ ಕಲ್ಲು ಅಂದ್ಕೊಂಡ್ರು."

ಮುದುಕ ಹೊರಗೆ ಹೋದ. ಬುಟ್ಟಿಯನ್ನು ಗೊಬ್ಬರದ ಗುಂಡಿಗೆ ಸುರಿದದ್ದು ಕಿಟಕಿಯಿಂದ ಕಂಡಿತು. ಆಮೇಲೆ ಖಾಲಿ ಬುಟ್ಟಿ ಹಿಡಿದು ಅಲ್ಲೇ ನಿಂತ. ನೊಯೆಮಿ ಎದ್ದಳು, ಹೋಗಲಿಲ್ಲ, ಮತ್ತೆ ಕೂತಳು.

ಮದ್ದಿಗೆ ಡಾಕ್ಟರು ಪಶುವೈದ್ಯರಿಗೇ ಫೋನು ಮಾಡಿದರು. ತಿಯೆರಿ ಹಾಸಿಗೆಯಿಂದಲೇ, "ಕುರಿ ಮಾತ್ರೆನಾ ನಂಗೆ? ಉಣ್ಣೆ ಬೆಳೆದ್ರೆ ನೊಯೆಮೀನೇ ಕತ್ತರಿಸ್ಲಿ," ಎಂದ. ಹಿಂದಿನ ಕೋಣೆಯಲ್ಲಿ ಅವಳು ಅತ್ತದ್ದು ಆಗ ಕೇಳಿಸಿತು.

ತಿಂಗಳು ಕಳೆದು ಹಾಲಿನ ಕ್ಯಾನು ಹಿಂದಿರುಗಿಸಲು ಹೋದೆ. ತಿಯೆರಿ ತೆಳ್ಳಗೆ, ಬೆಳ್ಳಗೆ, ಕೊಟ್ಟಿಗೆಯಲ್ಲಿದ್ದ. ಊಟದ ಹೊತ್ತು, ನೊಯೆಮಿ ನನಗೂ ತಟ್ಟೆ ಇಟ್ಟಳು. ಕ್ಯಾನು ಕಂಡು ಆನ್ಸೆಲ್ಮ್ ಕಣ್ಣು ಕೆಳಗೆ ಹಾಕಿದ. ಅವಳು ಅದನ್ನು ತೊಳೆದು ಮೊಳೆಗೆ ನೇತುಹಾಕಿದಳು.

ಮುದುಕ ಸೂಪು ಕುಡಿದ. ತಳ ಕಂಡಾಗ ವೈನಿಗೆ ಕೈಚಾಚಿದ. ಸುರಿದು, ತಟ್ಟೆ ಎತ್ತಿ, ಕೊನೆಯ ಹನಿಯವರೆಗೂ ಕುಡಿದು ಕೆಳಗಿಟ್ಟ. ಸೊಸೆಯ ಕಡೆ ತಿರುಗಿ ಬಾಯಿ ತೆರೆದ. ಅವಳು ಕಾದಳು. ನಾನೂ ಕಾದೆ.

"ಉಪ್ಪು," ಎಂದ, "ಸರಿಯಾಗಿದೆ."

"ಸರಿ, ಮಾವ," ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.