ರಷ್ಯನ್ ಕಾದಂಬರಿಕಾರನಿಗೆ ಕೊಟ್ಟ ದನಿ

ಮ್ಯೂಸಿಯಂನಲ್ಲಿ ಹಳೆಯ ಕಾಲದ ರಷ್ಯನ್ ಕಾದಂಬರಿಕಾರನೊಬ್ಬನ ಬಗ್ಗೆ ದೊಡ್ಡ ಪ್ರದರ್ಶನ ಏರ್ಪಾಡಾಗಿತ್ತು. ಅದರ ಪ್ರಚಾರಕ್ಕೆ ಒಪ್ಪಿಕೊಂಡಿದ್ದ ಸಿನಿಮಾ ನಟ ಮೊದಲ ದಿನವೇ ತಡವಾಗಿ ಬಂದ. ಕುತ್ತಿಗೆಗೆ ಮಫ್ಲರ್, ಬಾಯಲ್ಲಿ ಮಾತಿಲ್ಲ. ಕಾದಂಬರಿಕಾರನ ಮೇಜಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ, ಪತ್ರಕರ್ತರು ಏನು ಕೇಳಿದರೂ ಬರೀ ತಲೆಯಾಡಿಸಿದ. ಪ್ರದರ್ಶನದ ಹೊಣೆ ಹೊತ್ತಿದ್ದ ಕ್ಯುರೇಟರ್‌ಗೆ ಮೈಯೆಲ್ಲ ಉರಿದುಹೋಯಿತು. ಮೆಟ್ಟಿಲ ಬಳಿ ನಿಂತು ಅಕ್ಕನಿಗೆ ಫೋನ್ ಮಾಡಿ, "ಎರಡು ಸಿನಿಮಾ ಓಡಿದ್ದೇ ತಡ, ತಲೆ ಮೇಲೆ ಕೊಂಬು ಬಂದಿದೆ ಕಣೇ," ಎಂದಳು.

"ಕೊಂಬಲ್ಲ ಮೇಡಂ, ಗಡ್ಡೆ," ಎಂದಿತು ಬೆನ್ನ ಹಿಂದಿನಿಂದ ಒಂದು ಒಡಕು ದನಿ. "ತಲೆ ಮೇಲಲ್ಲ, ಗಂಟಲಲ್ಲಿ."

ತಿರುಗಿದರೆ ಅದೇ ನಟ. ಅವಳ ಕೈಯಲ್ಲಿದ್ದ ಫೋನಿನಲ್ಲಿ ಅಕ್ಕ ಹಲೋ ಹಲೋ ಅನ್ನುತ್ತಲೇ ಇದ್ದಳು.

ಕ್ಯಾನ್ಸರ್. ತಿಂಗಳ ಕೊನೆಗೆ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಅವನ ಅಮ್ಮನನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಬರೀ ಫೋಟೋ ಸಾಲದು, ನೋಡಲು ಬಂದವರು ಹೆಡ್‌ಫೋನ್ ಹಾಕಿಕೊಂಡು ಕೇಳುವ ವಿವರಣೆಯನ್ನೂ ತಾನೇ ಓದುತ್ತೇನೆ ಎಂದು ಅವನು ಕೇಳಿಕೊಂಡ. ಯಾಕೆ ಎಂದಳು.

"ಈಚೆಗೆ ನಾನು ಡಬ್ ಮಾಡಿದ್ದು ಗೋಡೆ ಪೇಂಟಿನ ಜಾಹೀರಾತು. ನನ್ನ ಕೊನೇ ಮಾತು ಅದಾಗಬಾರದು ಅನ್ನಿಸ್ತು."

ಉಗ್ರಾಣದಲ್ಲಿ ಸುತ್ತ ಕಂಬಳಿ ಇಳಿಬಿಟ್ಟು ರೆಕಾರ್ಡಿಂಗ್ ನಡೆಯಿತು. ನಾಲ್ಕು ಸಾಲು ಓದಿ ಬಿಸಿನೀರು ಗುಟುಕರಿಸುತ್ತಿದ್ದ. ಲೋಟದ ಅಂಚಿನ ಮೇಲಿಂದ ಅವಳನ್ನೇ ನೋಡುತ್ತಿದ್ದ. ಅವಳು ಹಾಳೆಯಲ್ಲಿ ತಪ್ಪು ಹುಡುಕುವವಳಂತೆ ತಲೆ ತಗ್ಗಿಸುತ್ತಿದ್ದಳು. ಕಿವಿ ಮಾತ್ರ ಕೆಂಪಾಗುತ್ತಿತ್ತು.

ಕಾದಂಬರಿಕಾರ ಮಗುವನ್ನು ಕಳೆದುಕೊಂಡ ಭಾಗದಲ್ಲಿ ಅವನ ದನಿ ಕೈಕೊಟ್ಟಿತು. ಕೆಮ್ಮಿದ. ಕರವಸ್ತ್ರಕ್ಕೆ ರಕ್ತ ಹತ್ತಿತು. ಅವಳು ಅದನ್ನು ಈಸಿಕೊಂಡು ತೊಳೆದು ತಂದಳು.

ಓದಲು ಅವಳು ಬರೆದುಕೊಡುತ್ತಿದ್ದ ಬರಹ ದಿನದಿನಕ್ಕೂ ಉದ್ದವಾಗುತ್ತಿರುವುದು ಅವನ ಗಮನಕ್ಕೆ ಬಂತು.

"ಇಷ್ಟುದ್ದ ಯಾರು ನಿಂತು ಕೇಳ್ತಾರೆ?"

"ನಾನು ಕೇಳ್ತೀನಿ."

ಕೊನೆಯ ದಿನ ಮೈಕ್ ಆಫ್ ಮಾಡಿದ ಮೇಲೂ ಅವನು ಏಳಲಿಲ್ಲ. ಒಂದು ಮಾತು ಹೇಳಬೇಕು ಎಂದ. ಯಾವ ಮಾತೆಂದು ಅವಳಿಗೆ ಗೊತ್ತಾಯಿತು.

"ಈಗ ಬೇಡ. ಈಗ ಹೇಳಿದ್ರೆ, ಹೋಗ್ಬರ್ತೀನಿ ಅಂದ ಹಾಗಿರುತ್ತೆ. ಆಪರೇಷನ್ ಆದ್ಮೇಲೆ ಹೇಳಿ."

"ಆಮೇಲೆ ಯಾವ ಬಾಯಲ್ಲಿ ಹೇಳ್ಲಿ?"

"ಹೇಗಾದ್ರೂ. ನಾನು ಬರ್ತೀನಿ."

ಆಪರೇಷನ್ ಆದ ವಾರ ಅವಳು ಆಸ್ಪತ್ರೆಗೆ ಹೋದಳು. ವಾರ್ಡಿನ ಹೊರಗೆ ಅವನ ಅಮ್ಮ ಕೂತಿದ್ದರು. ಗಡ್ಡೆ ಪೂರ್ತಿ ತೆಗೆಯಲಾಗಲಿಲ್ಲವಂತೆ, ಹೆಚ್ಚು ದಿನ ಇಲ್ಲವಂತೆ. ಅದು ಮಗನಿಗೂ ಗೊತ್ತು, ಯಾರನ್ನೂ ಒಳಗೆ ಬಿಡಬೇಡ ಎಂದು ಕೈಸನ್ನೆ ಮಾಡಿದ್ದಾನೆ ಎಂದರು. ಹೇಳುತ್ತ ಹೇಳುತ್ತ ಅವಳ ಮುಖ ನೋಡಿದವರು ಅಲ್ಲಿಗೇ ನಿಲ್ಲಿಸಿ, "ನೀನು ಒಳಗೆ ಹೋಗಮ್ಮ," ಎಂದರು.

ಕುತ್ತಿಗೆಯ ತೂತಿನಲ್ಲಿ ಕೊಳವೆ, ಅದರಿಂದ ಗೊರಗೊರ ಉಸಿರು. ಅವಳನ್ನು ಕಂಡದ್ದೇ ಅವನು ಗೋಡೆಗೆ ಮುಖ ತಿರುಗಿಸಿದ. ಅವಳು ಸ್ಟೂಲ್ ಎಳೆದುಕೊಂಡು ಕೂತಳು. ನರ್ಸ್ ಬಂದು ಹೋದಳು. ಮಂಚದ ಮೇಲಿದ್ದ ಬಿಸಿಲು ನೆಲಕ್ಕಿಳಿಯಿತು. ಅವಳು ಏಳಲಿಲ್ಲ.

ಬಹಳ ಹೊತ್ತಿನ ಮೇಲೆ ಅವನು ಇತ್ತ ಹೊರಳಿದ. ತುಟಿ ಅಲುಗಿತು. ದನಿಯಿಲ್ಲ. ಅವಳಿಗೆ ತಿಳಿಯಲಿಲ್ಲ.

"ಇನ್ನೊಂದ್ಸಲ," ಎಂದು ಅವನ ಮುಖದ ಹತ್ತಿರ ಬಾಗಿದಳು.

ಅವನು ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ತುಟಿಯಾಡಿಸಿದ. ಈ ಸಲ ಪೂರ್ತಿ ತಿಳಿಯಿತು.

ಆದರೂ ಅವಳು ಅವನ ಕೈ ಹಿಡಿದುಕೊಂಡು, "ಇನ್ನೊಂದ್ಸಲ ಹೇಳಿ," ಎಂದಳು.